ಕಾಸಗಲದ ಆಕಾಶ

ಕೇರಳದ ಇಡುಕ್ಕಿ ಜಿಲ್ಲೆಯ ಕುಮಳಿಯ ಮಸಾಲೆ ತೋಟವೊಂದರಲ್ಲಿ ನಮ್ಮನ್ನು ಸುತ್ತಾಡಿಸುತ್ತಿದ್ದ ಹುಡುಗ ಏಲಕ್ಕಿಯ ಬುಡವೊಂದರ ಬಳಿ ನಿಂತು, ಎಲ್ಲರೂ ಒಮ್ಮೆ ಬಗ್ಗಿ ನೋಡಬೇಕೆಂದು ಕೇಳಿಕೊಂಡ. ನಾವು ಹತ್ತು ಹನ್ನೆರಡು ಮಂದಿ ಬಗ್ಗಿದೆವು. ಬುಡದಿಂದ ಹೊರಟ ಹೂಗೊನೆಯ ಉದ್ದಕ್ಕೂ ಹಸಿರು ಕಾಯಿಗಳಿದ್ದವು. ತುದಿಯಲ್ಲಿ, ತುಟಿಯ ಮೇಲೆ ನೇರಳೆ ಗೆರೆ ಎಳೆದಂತಿದ್ದ ಎರಡು ಬಿಳಿಯ ಹೂಗಳು ಅರಳಿದ್ದವು. ಏಲಕ್ಕಿ ಗಿಡದ ನೆತ್ತಿಯಲ್ಲಿ ಬಿಡುತ್ತದೆಂದು ತಿಳಿದಿದ್ದವರಿಗೆ ಅದು ನೆಲದ ಮಟ್ಟದಲ್ಲಿ ಬಿಡುವುದನ್ನು ಕಂಡು ಬೆರಗಾಯಿತು. ಹುಡುಗ ಒಂದು ಕಾಯಿ ಕಿತ್ತು, ಸುಲಿದು, ಕಪ್ಪು ಕಾಳುಗಳನ್ನು ಒಬ್ಬೊಬ್ಬರ ಅಂಗೈಗೆ ಹಾಕಿ, ಕಣ್ಣು ಮುಚ್ಚಿ ಅಗಿಯಿರಿ ಎಂದ. ಎಲ್ಲರೂ ಕಣ್ಣು ಮುಚ್ಚಿದರು. ನಾನು ಮಾತ್ರ, ಚಿಕ್ಕಂದಿನಿಂದ ಅಂಟಿಕೊಂಡು ಬಂದ ಅಭ್ಯಾಸದಂತೆ, ಕತ್ತೆತ್ತಿ ಮೇಲೆ ನೋಡಿದೆ. ಅಲ್ಲಿ ಕಾಣಬಾರದಷ್ಟು ಆಕಾಶ ಕಾಣುತ್ತಿತ್ತು.

ಅದು 2019ರ ನವೆಂಬರ್ ತಿಂಗಳು. ಅಂದಿನಿಂದ ಇಂದಿನವರೆಗೆ ಆ ಆಕಾಶ ನನ್ನನ್ನು ಬಿಟ್ಟಿಲ್ಲ. ಏಲಕ್ಕಿ ತೋಟದಲ್ಲಿ ನಿಂತು ಮೇಲೆ ನೋಡಿದರೆ ಆಕಾಶ ಕಾಸಗಲ ಕಾಣಬೇಕು, ಅಲ್ಲೊಂದು ಕಾಸು, ಇಲ್ಲೊಂದು ಕಾಸು ಎಂಬಂತೆ ಚೆಲ್ಲಿರಬೇಕು ಎನ್ನುವುದು ನಮ್ಮಪ್ಪನ ಮಾತು. ಅದಕ್ಕಿಂತ ಹೆಚ್ಚು ಕಂಡರೆ ಗಿಡ ಒಣಗುತ್ತದೆ, ಏನೂ ಕಾಣದಿದ್ದರೆ ಗಿಡ ಬರೀ ಎಲೆಯಾಗುತ್ತದೆ. ಬೇರೆಯವರ ತೋಟಕ್ಕೆ ಹೋದಾಗಲೂ ಅಪ್ಪ ಮೊದಲು ನೋಡುತ್ತಿದ್ದದ್ದು ಗಿಡವನ್ನಲ್ಲ, ಗಿಡದ ಮೇಲಿನ ಮರವನ್ನು. ಕುಮಳಿಯ ಆ ತೋಟದಲ್ಲಿ ಮರಗಳು ಇರಲಿಲ್ಲ ಎಂದಲ್ಲ. ಹಲಸು ಇತ್ತು, ಗುಳಮಾವು ಇತ್ತು, ನನಗೆ ಗುರುತು ಸಿಗದ ನಾಲ್ಕಾರು ಜಾತಿಯ ಎತ್ತರದ ಮರಗಳೂ ಇದ್ದವು. ಆದರೆ ಅವುಗಳ ಕೊಂಬೆಗಳನ್ನು ಕಾಂಡದವರೆಗೂ ಸವರಿ, ತುದಿಯಲ್ಲಿ ಒಂದು ಹಿಡಿ ಸೊಪ್ಪು ಬಿಟ್ಟಿದ್ದರು. ನಮ್ಮ ಕಡೆ ಇದನ್ನು ಮರಗಸಿ ಎನ್ನುತ್ತೇವೆ. ಕಾಫಿಗೆ ಬೆಳಕು ಬೇಕೆಂದು ವರ್ಷಕ್ಕೊಮ್ಮೆ ಮಾಡುವ ಮರಗಸಿಯನ್ನು ಏಲಕ್ಕಿಯ ಮೇಲೆ ಅಷ್ಟು ಕಠಿಣವಾಗಿ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕುಮಳಿಗೆ ಬಂದವರೆಲ್ಲ ಕಾಡು ನೋಡಲು ಬಂದವರು. ಪೇಟೆಯಿಂದ ನಾಲ್ಕು ಕಿಲೋಮೀಟರಿನ ಒಳಗೆ ತೇಕ್ಕಡಿಯ ದೋಣಿಕಟ್ಟೆ, ಅದರಾಚೆ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶ. ಬೆಳಗ್ಗೆ ಟಿಕೆಟ್ ಕೊಂಡು ಕಾಡಿನೊಳಗೆ ಹೋಗುತ್ತಾರೆ, ಮಧ್ಯಾಹ್ನ ಇನ್ನೊಂದು ಟಿಕೆಟ್ ಕೊಂಡು ಮಸಾಲೆ ತೋಟ ನೋಡುತ್ತಾರೆ, ಸಂಜೆ ಪೇಟೆಯ ಅಂಗಡಿ ಸಾಲಿನಲ್ಲಿ ಏಲಕ್ಕಿ, ಮೆಣಸು, ಚಕ್ಕೆ, ಲವಂಗ ಕೊಳ್ಳುತ್ತಾರೆ. ಕಾಡು ಮತ್ತು ತೋಟ ಎರಡು ಬೇರೆ ಬೇರೆ ನೋಟಗಳೆಂದು ಎಲ್ಲರೂ ನಂಬಿದ್ದಾರೆ. ಏಲಕ್ಕಿ ಬೆಳೆದ ಮನೆಯಿಂದ ಬಂದ ನನಗೆ ಹಾಗೆ ನಂಬಲು ಆಗಲಿಲ್ಲ. ಏಲಕ್ಕಿ ಈ ಪಶ್ಚಿಮ ಘಟ್ಟದ ನಿತ್ಯಹಸಿರು ಕಾಡಿನ ನೆಲದಲ್ಲೇ ಹುಟ್ಟಿದ ಗಿಡ. ಕಾಡನ್ನು ಬುಡಸಮೇತ ಕಡಿಯದೆ, ಕಾಡಿನ ಒಳಗೇ ಬೆಳೆಯಬಹುದಾದ ಬೆಳೆಗಳು ನಮ್ಮಲ್ಲಿ ಎಷ್ಟಿವೆ ಎಂದು ಬೆರಳು ಮಡಚಿದರೆ ಮೊದಲ ಬೆರಳಿಗೇ ಏಲಕ್ಕಿ ಬರುತ್ತದೆ.

ಕಟ್ಟೆ

ಸಕಲೇಶಪುರ ತಾಲ್ಲೂಕಿನಲ್ಲಿ, ಹೆತ್ತೂರಿನಿಂದಲೂ ಆಚೆ ಘಟ್ಟದಂಚಿಗೆ ಸರಿದ ಹಳ್ಳಿಯೊಂದರಲ್ಲಿ ನಮ್ಮ ಮನೆ. ಮನೆಯ ಹಿಂದಿನ ಕಣಿವೆಯಲ್ಲಿ, ಹಳ್ಳದ ಎರಡೂ ಮಗ್ಗುಲಿಗೆ ಏಲಕ್ಕಿಯಿತ್ತು. ಅದನ್ನು ತೋಟ ಎನ್ನಲು ಹೊರಗಿನವರಿಗೆ ಕಷ್ಟವಾಗುತ್ತಿತ್ತು, ಏಕೆಂದರೆ ನೋಡಲು ಅದು ಕಾಡೇ. ಮೇಲೆ ದೊಡ್ಡ ಮರಗಳು, ಕೆಳಗೆ ಮೊಣಕಾಲು ಮುಳುಗುವ ತರಗೆಲೆ, ನಡುವೆ ಆಳೆತ್ತರಕ್ಕೂ ಮೀರಿ ನಿಂತ ಏಲಕ್ಕಿ. ಮಳೆಗಾಲದಲ್ಲಿ ಇಂಬಳಗಳು ಕಾಲಿನಿಂದ ಕತ್ತಿನವರೆಗೂ ಹತ್ತುತ್ತಿದ್ದವು. ಕಂಬಳಿಕೊಪ್ಪೆ ಹಾಕಿಕೊಂಡ ಹೆಂಗಸರು ಬಿದಿರು ಬುಟ್ಟಿ ಹಿಡಿದು ಕುಕ್ಕರಗಾಲಿನಲ್ಲಿ ಒಂದು ಬುಡದಿಂದ ಇನ್ನೊಂದು ಬುಡಕ್ಕೆ ಸರಿಯುತ್ತಿದ್ದರು. ಒಣಗಿಸುವ ಗೂಡಿನಲ್ಲಿ ಹಗಲೂ ರಾತ್ರಿ ಬೆಂಕಿ ಉರಿಯುತ್ತಿತ್ತು. ಐದು ಕಿಲೋ ಹಸಿ ಕಾಯಿ ಒಣಗಿ ಒಂದು ಕಿಲೋ ಆಗುವುದನ್ನು ಕಾಯುತ್ತ ಅಪ್ಪ ಅದರ ಬಾಗಿಲಲ್ಲೇ ಮಲಗುತ್ತಿದ್ದರು. ಆ ದಿನಗಳಲ್ಲಿ ನಮ್ಮ ಪುಸ್ತಕದ ಚೀಲಕ್ಕೂ, ಅಮ್ಮನ ಸೀರೆಗೂ, ಹೊದೆಯುವ ಕಂಬಳಿಗೂ ಒಂದೇ ವಾಸನೆ. ಒಣಗಿದ ಕಾಯಿ ಮೂಟೆಯಾಗಿ ಹಾವೇರಿಯ ವ್ಯಾಪಾರಿಗಳ ಕೈ ಸೇರುತ್ತಿತ್ತು. ಹಾವೇರಿಯಲ್ಲಿ ಏಲಕ್ಕಿಯ ಒಂದು ಗಿಡವೂ ಇಲ್ಲವೆಂದು ಗೊತ್ತಾದ ದಿನ ನನಗಾದ ಆಶ್ಚರ್ಯ ಇನ್ನೂ ನೆನಪಿದೆ. ಏಲಕ್ಕಿ ಹಾರಕ್ಕೆ ಹೆಸರಾದ ಊರು ಬೆಳೆದ ಊರೇ ಇರಬೇಕೆಂದು ನಾನು ಅಂದುಕೊಂಡಿದ್ದೆ.

ನಾನು ನಾಲ್ಕನೆಯ ತರಗತಿಯಲ್ಲಿದ್ದ ವರ್ಷ ತೋಟಕ್ಕೆ ಕಟ್ಟೆ ಬಂತು. ಕಟ್ಟೆ ರೋಗ ಎಂದರೆ ಏಲಕ್ಕಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಎಳೆಯ ಎಲೆಯಲ್ಲಿ ನಡುದಿಂಡಿನಿಂದ ಅಂಚಿನ ಕಡೆಗೆ ತಿಳಿಹಳದಿಯ ಸಣ್ಣ ಸಣ್ಣ ಗೆರೆಗಳು ಕಾಣಿಸಿಕೊಳ್ಳುತ್ತವೆ, ಮುಂದಿನ ಎಲೆ ಇನ್ನಷ್ಟು ಬಿಳಿಚಿಕೊಳ್ಳುತ್ತದೆ, ಬುಡ ವರ್ಷದಿಂದ ವರ್ಷಕ್ಕೆ ಕುಗ್ಗಿ ಕೊನೆಗೆ ಕಡ್ಡಿಯಾಗುತ್ತದೆ. ಅದು ವೈರಸ್ಸಿನಿಂದ ಬರುವ ರೋಗ. ಬಾಳೆಯ ಮೇಲೆ ಕೂರುವ ಸಣ್ಣ ಹೇನು ಅದನ್ನು ಬುಡದಿಂದ ಬುಡಕ್ಕೆ ಹೊತ್ತೊಯ್ಯುತ್ತದೆ. ಮದ್ದಿಲ್ಲ. ರೋಗ ಹಿಡಿದ ಬುಡವನ್ನು ಬೇರುಸಮೇತ ಅಗೆದು ನಾಶಮಾಡುವುದೊಂದೇ ದಾರಿ. ಈ ರೋಗವನ್ನು ವಿಜ್ಞಾನಿಗಳು ತಮ್ಮ ಬರಹಗಳಲ್ಲಿ ಇಂದಿಗೂ ‘ಕಟ್ಟೆ’ ಎಂಬ ನಮ್ಮ ಮಾತಿನಿಂದಲೇ ಕರೆಯುತ್ತಾರೆ. ಕನ್ನಡದ ಶಬ್ದವೊಂದು ಹಾಗೆ ಲೋಕದ ತುಂಬ ಓಡಾಡುತ್ತಿದೆ ಎಂದು ನೆನೆದಾಗಲೆಲ್ಲ ನನಗೆ ಹೆಮ್ಮೆಯ ಬದಲು ಸಂಕಟವೇ ಆಗುತ್ತದೆ.

ಅಗೆದ ದಿನ ನಾನು ಅಲ್ಲೇ ಇದ್ದೆ. ಅಪ್ಪ ಹಿಂದಿನ ದಿನವೇ ರೋಗದ ಬುಡಗಳಿಗೆಲ್ಲ ಬಾಳೆನಾರು ಕಟ್ಟಿ ಗುರುತು ಮಾಡಿದ್ದರು. ಗುದ್ದಲಿ ಹಿಡಿದವನು ಒಂದು ಬುಡದ ಹತ್ತಿರ ಬಂದು ನಿಂತ. “ಅಯ್ಯಾ, ಇದರಲ್ಲಿ ಹೂ ಬಂದದೆ. ಇದೊಂದು ಬೆಳೆ ಕುಯ್ಕೊಂಡು ಆಮೇಲೆ ಕೀಳಾಣ” ಎಂದ. ಅಪ್ಪ ಆ ಹೂಗೊನೆಯನ್ನು ಎತ್ತಿ ನೋಡಿದರು. ಅದರ ಮೇಲೆ ಒಂದು ಜೇನುಹುಳ ಕೂತಿತ್ತು, ಅದು ಹಾರಿಹೋಗುವವರೆಗೂ ಕಾದರು. “ಬೇಡ, ಕಿತ್ತುಬಿಡು. ಇದೊಂದು ಉಳಿದರೆ ನೂರಕ್ಕೆ ಹತ್ತುತ್ತೆ” ಎಂದರು. ಅಂದು ಸಂಜೆ ಹಳ್ಳದ ದಂಡೆಯಲ್ಲಿ ಹಸಿ ಬುಡಗಳ ರಾಶಿ ಉರಿಯದೆ ಹೊಗೆಯಾಡುತ್ತಿತ್ತು. ಆ ಹೊಗೆಯಲ್ಲಿ ಏಲಕ್ಕಿಯ ವಾಸನೆ ಇರಲಿಲ್ಲ, ಒದ್ದೆ ಹುಲ್ಲು ಸುಟ್ಟಂತೆ ಇತ್ತು.

ಇಷ್ಟು ಮಾಡಿದರೂ ಏಳೆಂಟು ವರ್ಷದಲ್ಲಿ ತೋಟ ಮುಗಿಯಿತು. ಏಲಕ್ಕಿ ಹೋದ ಜಾಗಕ್ಕೆ ಕಾಫಿ ಬಂತು, ಕಾಫಿಗೆ ಬೆಳಕು ಬೇಕೆಂದು ಮರಗಸಿ ಬಂತು. ಮರಗಸಿಯ ಹಿಂದೆಯೇ ದೊಡ್ಡ ಮರಗಳ ಜಾಗಕ್ಕೆ ಸಿಲ್ವರ್ ಮರ ಬಂತು. ಸಿಲ್ವರ್ ಕಡಿಯಲು ಯಾರ ಅನುಮತಿಯೂ ಬೇಡ, ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕಾದಾಗ ಮಾರಬಹುದು. ನಮ್ಮ ಮಲೆನಾಡಿನ ತೋಟಗಳು ಅರ್ಧ ಶತಮಾನದಲ್ಲಿ ಹೇಗೆ ಬದಲಾದವು ಎಂಬುದರ ಕಾರಣಗಳಲ್ಲಿ ಈ ಒಂದು ಸಣ್ಣ ಅನುಕೂಲಕ್ಕೆ ದೊಡ್ಡ ಪಾಲಿದೆ. ಹಾಗಾಗಿ ಕುಮಳಿಯಲ್ಲಿ ಮೇಲೆ ನೋಡಿದಾಗ ನನಗೆ ಕಂಡದ್ದು ಹೊಸ ನೋಟವೇನೂ ಆಗಿರಲಿಲ್ಲ. ನಮ್ಮಲ್ಲಿ ಏಲಕ್ಕಿ ಸತ್ತ ಮೇಲೆ ಮರ ಹೋಯಿತು. ಅಲ್ಲಿ ಏಲಕ್ಕಿ ಬದುಕಿರುವಾಗಲೇ, ಏಲಕ್ಕಿಗೆಂದೇ ಮರ ಬೋಳಾಗುತ್ತಿತ್ತು.

ಮುಳುಗಿದ ಕಾಡಿನ ಮೇಲೆ

ಮರುದಿನ ಬೆಳಗ್ಗೆ ಮೊದಲ ದೋಣಿಯಲ್ಲಿ ಸರೋವರಕ್ಕೆ ಹೋದೆ. ಮಂಜು ಎದ್ದಿರಲಿಲ್ಲ. ನೀರಿನ ನಡುವೆ ಕರ್ರಗಿನ ಮರದ ಬೊಡ್ಡೆಗಳು ನಿಂತಿದ್ದವು, ಒಂದೊಂದರ ಮೇಲೂ ಒಂದೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ದೋಣಿಯಲ್ಲಿದ್ದವರು ಹಕ್ಕಿಯ ಫೋಟೊ ತೆಗೆದುಕೊಂಡರು. ನನ್ನ ಗಮನ ಬೊಡ್ಡೆಗಳ ಮೇಲಿತ್ತು. ಅವು 1895ರಲ್ಲಿ ಮುಳುಗಿದ ಕಾಡಿನ ಮರಗಳು. ಬ್ರಿಟಿಷ್ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿ ಮುಗಿಸಿದಾಗ, ಪಶ್ಚಿಮಕ್ಕೆ ಹರಿಯುತ್ತಿದ್ದ ನದಿಯ ನೀರು ಈ ಕಣಿವೆಯಲ್ಲಿ ನಿಂತು, ಬೆಟ್ಟ ಕೊರೆದ ಸುರಂಗದ ಮೂಲಕ ಪೂರ್ವಕ್ಕೆ, ವೈಗೈ ನದಿಯ ಬಯಲಿಗೆ ತಿರುಗಿತು. ಅದಕ್ಕೆ ಒಂಬತ್ತು ವರ್ಷ ಮೊದಲು, 1886ರಲ್ಲಿ, ತಿರುವಾಂಕೂರು ಸಂಸ್ಥಾನ 999 ವರ್ಷಗಳ ಗುತ್ತಿಗೆಗೆ ಸಹಿ ಹಾಕಿತ್ತು. ಒಂದು ಸಂಸ್ಥಾನ ತನ್ನ ಕಣಿವೆಯನ್ನು ಹೆಚ್ಚು ಕಡಿಮೆ ಸಾವಿರ ವರ್ಷಕ್ಕೆ ಬರೆದುಕೊಟ್ಟ ಸಂಗತಿ ಆ ಬೊಡ್ಡೆಗಳನ್ನು ನೋಡುತ್ತಿರುವಾಗ ಕಾಗದದ ಮಾತಾಗಿ ಉಳಿಯುವುದಿಲ್ಲ. ನೂರಿಪ್ಪತ್ತು ವರ್ಷ ಮೀರಿ ನೀರಿನಲ್ಲಿ ನಿಂತೂ ಅವು ಬಿದ್ದಿಲ್ಲ.

ಇಂದು ನಾವು ಅಭಯಾರಣ್ಯ ಎಂದು ಕರೆಯುವ ಈ ಕಾಡು ಉಳಿದದ್ದರ ಮೂಲವೂ ಆ ನೀರೇ. ಸರೋವರಕ್ಕೆ ನೀರು ಬರಬೇಕಾದರೆ ಸುತ್ತಲಿನ ಕಾಡು ಉಳಿಯಬೇಕೆಂದು 1899ರಲ್ಲೇ ಅದನ್ನು ಮೀಸಲಿಟ್ಟರು. 1934ರಲ್ಲಿ ಬೇಟೆ ನಿಷೇಧದ ಅಭಯಧಾಮವಾಯಿತು, 1950ರಲ್ಲಿ ವಿಸ್ತಾರವಾಯಿತು, 1978ರಲ್ಲಿ ಹುಲಿ ಯೋಜನೆಗೆ ಸೇರಿತು. ಯಾರಿಗೋ ನೀರು ಬೇಕಿತ್ತು, ಆದ್ದರಿಂದ ಮರ ಉಳಿಯಿತು. ಈ ಲೆಕ್ಕಾಚಾರವನ್ನು ನಾನು ಕೀಳಾಗಿ ಕಾಣುವುದಿಲ್ಲ. ಮರದ ನೆರಳಿಗೂ ಒಬ್ಬ ಗಿರಾಕಿ ಸಿಕ್ಕರೆ ಅದು ಉಳಿಯುತ್ತದೆ ಎನ್ನುವುದಕ್ಕೆ ಈ ಸರೋವರಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇರೆ ಕಂಡಿಲ್ಲ. ದೋಣಿ ತಿರುಗುವ ಹೊತ್ತಿಗೆ ಎದುರಿನ ಹುಲ್ಲುದಂಡೆಗೆ ಐದು ಆನೆಗಳು ಇಳಿದವು. ನಡುವೆ ಒಂದು ಮರಿಯಿತ್ತು. ನಮ್ಮೂರಿನಲ್ಲಿ ಆನೆ ಬಂದಿತೆಂದರೆ ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ, ಕೆಲಸದವರು ತೋಟಕ್ಕೆ ಇಳಿಯುವುದಿಲ್ಲ. ಇಲ್ಲಿ ಆನೆಯನ್ನು ಕಂಡು ಒಬ್ಬ ಅಜ್ಜಿ ಕೈಮುಗಿದರು. ನಾನೂ ಬಹಳ ಹೊತ್ತು ಭಯವಿಲ್ಲದೆ ನೋಡಿದೆ, ನನ್ನ ಜೀವನದಲ್ಲಿ ಮೊದಲ ಬಾರಿಗೆ.

ಮಧ್ಯಾಹ್ನ ಕಾಡಿನೊಳಗೆ ನಡೆದು ಹೋಗುವ ತಂಡದ ಜೊತೆ ಹೊರಟೆ. ನಮ್ಮ ಮುಂದೆ ನಡೆಯುತ್ತಿದ್ದ ಮಾರ್ಗದರ್ಶಿ ಐವತ್ತು ದಾಟಿದವರು. ಹಿಂದೆ ಇದೇ ಕಾಡಿನಲ್ಲಿ ಕಾಡುಚಕ್ಕೆಯ ಮರಗಳ ತೊಗಟೆ ಕದ್ದು ಸುಲಿದು ಮಾರುತ್ತಿದ್ದವರಲ್ಲಿ ಒಬ್ಬರು. ಆ ಮರವನ್ನು ಅಲ್ಲಿ ವಯನ ಎನ್ನುತ್ತಾರೆ. 1996ರಲ್ಲಿ ಪರಿಸರ ಅಭಿವೃದ್ಧಿ ಯೋಜನೆ ಬಂದಾಗ ಅರಣ್ಯ ಇಲಾಖೆ ಇಂಥವರ ಜೊತೆ ಮಾತಾಡಿ, ಮೊಕದ್ದಮೆಗಳ ಸುಳಿಯಿಂದ ಅವರನ್ನು ಹೊರತಂದು, ಕಾಡು ತೋರಿಸುವ ಮತ್ತು ಕಾಯುವ ಕೆಲಸ ಕೊಟ್ಟಿತು. ತೊಗಟೆ ಸುಲಿಯುತ್ತಿದ್ದವರದೇ ಒಂದು ಸಮಿತಿಯಾಯಿತು. ಅವರಿಗೆ ತಿಳಿದಷ್ಟು ಆ ಕಾಡಿನ ಜಾಡು ಬೇರೆ ಯಾರಿಗೂ ತಿಳಿದಿರಲಿಲ್ಲವೆಂಬುದು ಕಾರಣ. ನಡೆಯುತ್ತ ನಡೆಯುತ್ತ ಅವರು ಒಂದು ಮರದ ಬಳಿ ನಿಂತರು. ಕಾಂಡದ ಒಂದು ಮಗ್ಗುಲಿಗೆ ಎದೆಮಟ್ಟದಿಂದ ಮೊಣಕಾಲಿನವರೆಗೆ ಹಳೆಯ ಗಾಯವಿತ್ತು. ಎರಡೂ ಅಂಚಿನಿಂದ ಹೊಸ ತೊಗಟೆ ತುಟಿಯಂತೆ ಮಡಚಿಕೊಂಡು ಒಳಕ್ಕೆ ಬೆಳೆದು, ನಡುವೆ ಬೆರಳಗಲದ ಸೀಳು ಉಳಿದಿತ್ತು. ಅವರು ಆ ಅಂಚಿನ ಮೇಲೆ ಕೈಯಾಡಿಸಿದರು. “ಇದನ್ನು ಸುಲಿದವರು ಯಾರೆಂದು ನನಗೆ ಗೊತ್ತು” ಎಂದು ತಮಿಳಿನಲ್ಲಿ ಹೇಳಿದರು. ನಾನು ಅವರ ಮುಖ ನೋಡಿದೆ. ಅವರು ಮುಂದೇನೂ ಹೇಳದೆ ಮುಂದಿನ ಹೆಜ್ಜೆ ಇಟ್ಟರು. ನಮ್ಮ ತೋಟಗಳಲ್ಲಿ ಕೆಲಸಕ್ಕೆ ಬರುತ್ತಿದ್ದವರಿಂದ ಕಲಿತ ನನ್ನ ಹರಕು ತಮಿಳಿಗೆ ಅಂದು ನಾನು ಋಣಿಯಾದೆ.

ಏಳು ಸಾವಿರ ರೂಪಾಯಿ

ನಾನು ಉಳಿದುಕೊಂಡದ್ದು ನಾಲ್ಕು ಎಕರೆ ಏಲಕ್ಕಿಯಿರುವ ಒಬ್ಬ ಹಿರಿಯರ ಮನೆಯಲ್ಲಿ. ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಿದ್ದರು. ನಾನು ಅವರನ್ನು ಚೇಟ್ಟ, ಅಂದರೆ ಅಣ್ಣ, ಎಂದು ಕರೆದೆ, ಅವರು ನನ್ನನ್ನು ಮೋನೆ, ಅಂದರೆ ಮಗನೇ, ಎಂದರು. ಅವರ ತಂದೆ ಪಾಲಾ ಕಡೆಯಿಂದ ಘಟ್ಟ ಹತ್ತಿ ಬಂದವರು. ನಾನೂ ಏಲಕ್ಕಿಯ ಮನೆಯವನೆಂದು ತಿಳಿದ ಮೇಲೆ ಮಾತಿಗೆ ಅಡೆತಡೆಯೇ ಉಳಿಯಲಿಲ್ಲ. ಕರ್ನಾಟಕದಲ್ಲಿ ನಾವು ಬೆಳೆಯುವ, ಹೂಗೊನೆ ನೆಲದ ಮೇಲೆ ಹರಿಯುವ ತಳಿಗೆ ಮಲಬಾರ್ ಎಂದು ಹೆಸರು. ಕೇರಳದವರು ಬೆಳೆಯುವ, ಹೂಗೊನೆ ನೆಟ್ಟಗೆ ನಿಲ್ಲುವ ತಳಿಗೆ ಮೈಸೂರು ಎಂದು ಹೆಸರು. ಹೆಸರುಗಳು ಹೀಗೆ ಊರು ಅದಲುಬದಲು ಮಾಡಿಕೊಂಡದ್ದರ ಬಗ್ಗೆ ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಈಗ ಅವರ ತೋಟದಲ್ಲಿ ಮೈಸೂರೂ ಇಲ್ಲ. ಇರುವುದೆಲ್ಲ ಞಳ್ಳಾನಿ. ಕಟ್ಟಪ್ಪನದ ಕಡೆಯ ರೈತ ಸೆಬಾಸ್ಟಿಯನ್ ಜೋಸೆಫ್ ತಮ್ಮ ತಂದೆಯೊಂದಿಗೆ ಸೇರಿ ಆರಿಸಿ ಬೆಳೆಸಿದ ತಳಿ ಅದು, ಅವರ ಮನೆತನದ ಹೆಸರೇ ಅದಕ್ಕೆ ಉಳಿದಿದೆ. ಯಾವ ಪ್ರಯೋಗಾಲಯದ ನೆರವೂ ಇಲ್ಲದೆ ಒಬ್ಬ ರೈತ ಇಡೀ ಜಿಲ್ಲೆಯ ಇಳುವರಿಯನ್ನು ಹಲವು ಪಟ್ಟು ಏರಿಸಿದ್ದು ಸಣ್ಣ ಸಾಧನೆಯಲ್ಲ. ಆ ತಳಿಯಿಂದ ಸಾಲ ತೀರಿಸಿದ, ಮಕ್ಕಳನ್ನು ಓದಿಸಿದ ಮನೆಗಳನ್ನು ಅಲ್ಲಿ ದಾರಿಯುದ್ದಕ್ಕೂ ನೋಡಿದೆ.

ಮರಗಳ ಮಾತು ನಾನೇ ತೆಗೆದೆ. ಹೊಸ ತಳಿ ಬೆಳಕು ಕೇಳುತ್ತದೆ ಎಂದರು ಚೇಟ್ಟ. ಬೆಳಕು ಕೊಟ್ಟರೆ ಹೂ ಹೆಚ್ಚು, ಹೂ ಹೆಚ್ಚಾದರೆ ಗೊಬ್ಬರ ಬೇಕು, ನೆರಳು ಕಡಿಮೆಯಾದರೆ ಬೇಸಗೆಗೆ ನೀರು ಬೇಕು. ಕಾಯಿಯ ಸಿಪ್ಪೆಯ ಮೇಲೆ ಥ್ರಿಪ್ಸ್ ನುಸಿ ಕಜ್ಜಿ ಎಬ್ಬಿಸಿದರೆ ಹರಾಜಿನಲ್ಲಿ ಅರ್ಧ ಬೆಲೆ, ಆದ್ದರಿಂದ ಔಷಧಿ ಬೇಕು. ಔಷಧಿ ಹೊಡೆದರೆ ಜೇನುಹುಳ ಬರುವುದಿಲ್ಲ. ಜೇನಿಲ್ಲದೆ ಏಲಕ್ಕಿ ಕಾಯಿ ಕಟ್ಟುವುದಿಲ್ಲ. ಬೆಳಗ್ಗೆ ಅರಳಿದ ಹೂವಿಗೆ ಒಂದೇ ದಿನದ ಆಯುಷ್ಯ, ಅಷ್ಟರೊಳಗೆ ಹುಳ ಬಂದು ಹೋಗಬೇಕು. ಇದನ್ನೆಲ್ಲ ಅವರು ನನಗಿಂತ ಚೆನ್ನಾಗಿ ಬಲ್ಲರು. ಔಷಧಿಯ ಉಳಿಕೆ ಹೆಚ್ಚೆಂದು ಸೌದಿ ಅರೇಬಿಯಾದವರು ನಮ್ಮ ಏಲಕ್ಕಿಯನ್ನು ತಿರಸ್ಕರಿಸಿದ್ದನ್ನೂ ಅವರೇ ಹೇಳಿದರು. ತಪ್ಪು ಯಾರದೆಂದು ಹುಡುಕಲು ನಾನು ಹೋಗಿರಲಿಲ್ಲ, ಅವರೂ ನೆಪ ಹೇಳಲಿಲ್ಲ.

ಆ ವರ್ಷದ ಆಗಸ್ಟಿನಲ್ಲಿ ಪುಟ್ಟಡಿಯ ಹರಾಜಿನಲ್ಲಿ ಏಲಕ್ಕಿಯ ಒಂದು ಲಾಟು ಕಿಲೋಗೆ ಏಳು ಸಾವಿರ ರೂಪಾಯಿ ಮುಟ್ಟಿತ್ತು. ಹಿಂದೆಂದೂ ಕಾಣದ ಬೆಲೆ. 2018ರ ಮಳೆಯಲ್ಲಿ ಗುಡ್ಡಗಳೇ ಜರಿದು ತೋಟಗಳು ಹೋಗಿದ್ದವು, ಇದ್ದವರ ಬಳಿ ಇದ್ದಷ್ಟಕ್ಕೆ ಚಿನ್ನದ ಬೆಲೆ ಬಂದಿತ್ತು. ಊರೆಲ್ಲ ಅದೇ ಮಾತು. ಬೋಳು ಮರಗಳ ಹಿಂದೆ ಆ ಬೆಲೆಯೂ ಇದೆಯೆಂದು ಆಗ ನನಗೆ ತಿಳಿಯಿತು. ಹರಾಜಿನಲ್ಲಿ ಕೊಳ್ಳುವವರು ಕಂಪ್ಯೂಟರಿನ ಮುಂದೆ ಕುಳಿತು, ತಟ್ಟೆಗೆ ಸುರಿದ ಮಾದರಿಯನ್ನು ಬೆರಳಲ್ಲಿ ಹೊರಳಿಸಿ ನೋಡುತ್ತಾರೆ. ಎಂಟು ಮಿಲಿಮೀಟರಿನ ಕಾಯಿಗೆ ಒಂದು ಬೆಲೆ, ಏಳಕ್ಕೆ ಇನ್ನೊಂದು. ಹಸಿರಿಗೆ ಒಂದು, ಬಿಳಿಚಿದ್ದಕ್ಕೆ ಇನ್ನೊಂದು. ಆ ಕಾಯಿ ಎಂಥ ಮರದ ಕೆಳಗೆ ಬೆಳೆಯಿತೆಂಬುದು ತಟ್ಟೆಯಲ್ಲಿ ಕಾಣುವುದಿಲ್ಲ. ಇನ್ನು ಆ ಮರದ ಮೇಲೆ ರೈತನಿಗೆ ಹಕ್ಕೂ ಇಲ್ಲ. ಈ ತೋಟಗಳಿರುವ ಏಲಮಲೆ, ಅಂದರೆ ಏಲಕ್ಕಿ ಬೆಟ್ಟಗಳ, ಮೀಸಲು ಪ್ರದೇಶದಲ್ಲಿ ನೆಲ ಕಂದಾಯ ಇಲಾಖೆಯ ಲೆಕ್ಕಕ್ಕೆ, ಮರ ಅರಣ್ಯ ಇಲಾಖೆಯ ಲೆಕ್ಕಕ್ಕೆ. ಮರ ಬಿದ್ದರೆ ಅವನದಲ್ಲ, ಮರ ಬೆಳೆದರೆ ಅವನಿಗೆ ಏನೂ ಬರುವುದಿಲ್ಲ, ಕೊಂಬೆ ಸವರಿದರೆ ಮಾತ್ರ ಒಂದಿಷ್ಟು ಹೆಚ್ಚು ಕಾಯಿ. ಇಂಥ ಏರ್ಪಾಡಿನಲ್ಲಿ ಮರದ ಮೇಲೆ ಪ್ರೀತಿ ಉಳಿಸಿಕೊಂಡವರು ಇನ್ನೂ ಇದ್ದಾರೆ ಎನ್ನುವುದೇ ನನಗೆ ದೊಡ್ಡದಾಗಿ ಕಂಡಿತು.

ಅವರ ತೋಟದಲ್ಲಿ ಕಾಯಿ ಬಿಡಿಸುವವರು ತಮಿಳುನಾಡಿನ ಕಂಬಂ ಕಡೆಯ ಹೆಂಗಸರು. ಬೆಳಗಾಗುವ ಮುನ್ನವೇ ಜೀಪುಗಳು ಅವರನ್ನು ತುಂಬಿಕೊಂಡು ಘಟ್ಟ ಹತ್ತುತ್ತವೆ. ಅದೇ ಘಟ್ಟದ ಮಗ್ಗುಲಿಗೆ ದಪ್ಪ ಕೊಳವೆಗಳಲ್ಲಿ ಪೆರಿಯಾರಿನ ನೀರು ಅವರ ಊರಿನ ಕಡೆಗೆ ಇಳಿಯುತ್ತದೆ. ಒಬ್ಬ ಅಕ್ಕನ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ಅವರು ಎಡಗೈಯಲ್ಲಿ ತರಗೆಲೆ ಸರಿಸಿ, ಹೂಗೊನೆಯನ್ನು ಕೆಳಗಿನಿಂದ ಎತ್ತಿ, ಬಲಗೈಯ ಹೆಬ್ಬೆರಳಿನ ಉಗುರಿನಿಂದ ಕಾಯಿಯ ತೊಟ್ಟನ್ನು ಮಾತ್ರ ಮುರಿಯುತ್ತಿದ್ದರು. ಒಂದೇ ಗೊನೆಯಲ್ಲಿ ಬುಡದ ಕಾಯಿ ಬಲಿತಿರುತ್ತದೆ, ನಡುವಿನದು ಎಳಸು, ತುದಿಯಲ್ಲಿ ಇನ್ನೂ ಹೂ. ಬಲಿತದ್ದನ್ನು ಮಾತ್ರ ತೆಗೆದು ಮಿಕ್ಕದ್ದನ್ನು ನೋಯಿಸದೆ ಬಿಡಬೇಕು, ತಿಂಗಳು ಒಂದೂವರೆ ತಿಂಗಳು ಬಿಟ್ಟು ಮತ್ತೆ ಅದೇ ಬುಡಕ್ಕೆ ಬರಬೇಕು. ಅವರ ಬೆರಳ ತುದಿಗಳು ಕಾಯಿಯ ರಸಕ್ಕೆ ಕಂದಿ ಕಪ್ಪಾಗಿದ್ದವು. ಹಸಿರಿನಲ್ಲಿ ಹಸಿರನ್ನು ಬೇರೆ ಮಾಡುವುದು ಹೇಗೆ ಎಂದು ಕೇಳಿದೆ. “ಕಣ್ಣಿಗೆ ಗೊತ್ತಾಗಲ್ಲ ತಂಬಿ, ಬೆರಳಿಗೆ ಗೊತ್ತಾಗುತ್ತೆ” ಎಂದರು. ಮೊದಲು ನೆರಳಿರುತ್ತಿತ್ತು, ಈಗ ಹನ್ನೊಂದು ಗಂಟೆಗೇ ಬೆನ್ನು ಸುಡುತ್ತದೆ ಎಂದು ನಾನು ಕೇಳದೆಯೇ ಹೇಳಿದರು. ಕಾಯಿ ಅಗಿಯುವ ಪ್ರವಾಸಿಗರಿಗೂ, ಹರಾಜಿನ ತಟ್ಟೆಗೂ, ಹೋಲಿಸಿ ನೋಡಲು ಬಂದ ನನಗೂ ತಿಳಿಯದ ಬಿಸಿಲು ಅದು.

ಹಸಿರು ಬಲೆ

ಏಳು ಸಾವಿರದ ಬೆಲೆ ನಿಲ್ಲಲಿಲ್ಲ. ಎರಡು ವರ್ಷದೊಳಗೆ ಅದು ಸಾವಿರದ ಆಸುಪಾಸಿಗೆ ಇಳಿಯಿತು. ಆದರೆ ಸವರಿದ ಕೊಂಬೆ ಬೆಲೆಯ ಜೊತೆ ಹಿಂದಕ್ಕೆ ಬರುವುದಿಲ್ಲ. 2024ರ ಬೇಸಗೆಯಲ್ಲಿ ಇಡುಕ್ಕಿಯಲ್ಲಿ ಬರ ಬಂದು ಏಲಕ್ಕಿ ಒಣಗಿತೆಂಬ ಸುದ್ದಿ ಓದಿದಾಗ ನನಗೆ ಚೇಟ್ಟನ ನೆನಪಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಮತ್ತೆ ಹೋದೆ. ಕಂಬಂ ಬಯಲಿನ ದ್ರಾಕ್ಷಿ ತೋಟಗಳನ್ನು ದಾಟಿ ಘಟ್ಟ ಹತ್ತಿ ಕುಮಳಿಯ ತನಿಖಾ ಠಾಣೆ ಮುಟ್ಟಿದರೆ ಪೇಟೆ ಹಾಗೆಯೇ ಇತ್ತು, ಅಂಗಡಿ ಸಾಲು ಇನ್ನಷ್ಟು ಬೆಳೆದಿತ್ತು. ಚೇಟ್ಟ ತೆಳ್ಳಗಾಗಿದ್ದರು. ತೋಟದ ಮೇಲಿನ ಇಳಿಜಾರಿನಲ್ಲಿ ಅರ್ಧಕ್ಕರ್ಧ ಗಿಡ ಸುಟ್ಟುಹೋಗಿ ಹೊಸ ಸಸಿ ಹಾಕಿದ್ದರು. ಆ ಸಸಿಗಳ ಮೇಲೆ ಕಂಬ ನೆಟ್ಟು, ತಂತಿ ಎಳೆದು, ಹಸಿರು ಪ್ಲಾಸ್ಟಿಕ್ಕಿನ ನೆರಳುಬಲೆ ಕಟ್ಟಿದ್ದರು. ಬಲೆಯ ಒಂದು ತುದಿಯನ್ನು ಕಟ್ಟಿದ್ದು ಹಲಸಿನ ಮರವೊಂದರ ಕಾಂಡಕ್ಕೆ. ಐದು ವರ್ಷದ ಹಿಂದೆ ಕೊಂಬೆ ಸವರಿದ್ದ ಗಾಯಗಳು ಅದರ ಮೇಲೆ ಗಂಟುಗಂಟಾಗಿ ಮಾಗಿದ್ದವು.

ನಾನು ಬಲೆಯ ಕೆಳಗೆ ನಿಂತು ಮೇಲೆ ನೋಡಿದೆ. ಆಕಾಶ ಇಡಿಯಾಗಿ ಒಂದೇ ಬಣ್ಣದಲ್ಲಿತ್ತು, ಎಲ್ಲೂ ಕಾಸಗಲವಿಲ್ಲ. ಬಲೆಯಿಂದ ಎಲೆ ಉದುರುವುದಿಲ್ಲ, ಆದ್ದರಿಂದ ಕೆಳಗೆ ತರಗೆಲೆ ಇರಲಿಲ್ಲ, ಮಣ್ಣು ಬರಿಯಾಗಿ ಕಾಣುತ್ತಿತ್ತು. ಏಲಕ್ಕಿಯ ಬೇರು ಆಳಕ್ಕೆ ಹೋಗುವುದಿಲ್ಲ. ಅದು ಬದುಕುವುದೇ ಆ ತರಗೆಲೆಯ ತಂಪಿನಲ್ಲಿ. ಚೇಟ್ಟ ನನ್ನ ಕಣ್ಣು ಎಲ್ಲಿದೆ ಎಂದು ನೋಡಿ, “ಈ ಬಲೆಗೆ ಸಹಾಯಧನ ಇದೆ ಮೋನೆ, ಮರಕ್ಕೆ ಇಲ್ಲ” ಎಂದರು. ಆ ನಂತರ ನನ್ನನ್ನು ತೋಟದ ಕೆಳಗಿನ ಮೂಲೆಗೆ ಕರೆದುಕೊಂಡು ಹೋದರು. ತೋಡಿನ ದಂಡೆಯಲ್ಲಿ ನಾಲ್ಕು ದೊಡ್ಡ ಮರಗಳಿಗೆ ಅವರು ಯಾವತ್ತೂ ಕತ್ತಿ ಹಾಕಿಸಿರಲಿಲ್ಲ. ಅವರ ಹೆಂಡತಿ ಬಿಡಲಿಲ್ಲವಂತೆ. ಆ ಮರಗಳ ಕೆಳಗೆ ಹಳೆಯ ತಳಿಯ ಇಪ್ಪತ್ತೋ ಮೂವತ್ತೋ ಬುಡಗಳಿದ್ದವು, ಒಂದೂ ಒಣಗಿರಲಿಲ್ಲ. ಕಾಯಿ ಸಣ್ಣದು, ಕಡಿಮೆ, ಮನೆಯ ಚಹಾಕ್ಕೂ ಕ್ರಿಸ್‌ಮಸ್ಸಿನ ಅಡುಗೆಗೂ ಆಗುವಷ್ಟು. ಅದನ್ನು ಅವರು ಮಾರುವುದಿಲ್ಲ.

ಅಭಯಾರಣ್ಯದ ಗಡಿಯ ಆಚೆಗಿರುವ ಮರಕ್ಕೆ ಆನೆಯ, ಹುಲಿಯ, ಪ್ರವಾಸಿಗರ ಹೆಸರಿನಲ್ಲಿ ಕಾವಲು ಇದೆ. ಗಡಿಯ ಈಚೆಗಿನ ಮರ ಅದೇ ಜಾತಿಯದು, ಅದೇ ಮಳೆ ಹಿಡಿಯುತ್ತದೆ, ಅದೇ ಮಂಗಟ್ಟೆ ಹಕ್ಕಿ ಅದರ ಹಣ್ಣಿಗೆ ಬರುತ್ತದೆ. ಏಲಕ್ಕಿ ಇರುವವರೆಗೆ ಅದೂ ಕಾಡೇ ಆಗಿತ್ತು. ತೊಗಟೆ ಸುಲಿಯುತ್ತಿದ್ದವರಿಗೆ ಕಾಡು ಕಾಯುವ ಕೂಲಿ ಕೊಡಲು ಸಾಧ್ಯವಾದ ಊರಿನಲ್ಲಿ, ಕೊಂಬೆ ಸವರದೆ ಬಿಟ್ಟವನಿಗೆ ಒಂದಿಷ್ಟು ಕೊಡಲು ಸಾಧ್ಯವಾಗಬಾರದೆ? ಮಸಾಲೆ ತೋಟ ನೋಡಲು ಬರುವವರು ಕೊಡುವ ಹಣದಲ್ಲಿ ಒಂದು ಪಾಲು ಆ ನೆರಳಿಗೆ ಹೋಗಬಾರದೆ? ಎಂಟು ಮಿಲಿಮೀಟರಿಗೆ ಬೆಲೆ ಕಟ್ಟಲು ಬಲ್ಲವರು ನೆರಳಿಗೂ ಒಂದು ಬೆಲೆ ಕಟ್ಟಬಲ್ಲರು ಎಂದು ನಾನು ದೃಢವಾಗಿ ನಂಬುತ್ತೇನೆ. ನಮ್ಮ ಹಾಸನ, ಕೊಡಗು, ಚಿಕ್ಕಮಗಳೂರಿನ ತೋಟಗಳಿಗೂ ಇದೇ ಮಾತು ಸಲ್ಲುತ್ತದೆ. ಸಿಲ್ವರ್ ನೆಡುವುದು ಸುಲಭ, ಹಲಸು ಉಳಿಸುವುದು ತೊಡಕು ಎಂಬ ಸ್ಥಿತಿ ಇರುವವರೆಗೆ ತೋಟಗಾರನನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಮೊದಲ ಸಲ ಕುಮಳಿಯಿಂದ ಬಂದ ಮರುವರ್ಷ, 2020ರ ಜೂನಿನಲ್ಲಿ, ಎಲ್ಲರೂ ಮನೆ ಸೇರಿದ್ದ ಆ ಮಳೆಗಾಲದಲ್ಲಿ, ನಮ್ಮ ಹಿಂದಿನ ಕಣಿವೆಯಲ್ಲಿ ಹಳ್ಳದ ಪಕ್ಕ ಕಾಫಿ ಸರಿಯಾಗಿ ಬಾರದ ಒಂದು ತುಂಡಿನಲ್ಲಿ ಮಲಬಾರ್ ತಳಿಯ ನಲವತ್ತು ಗಡ್ಡೆ ನೆಟ್ಟೆ. ಮೇಲೆ ಒಂದು ಅತ್ತಿ, ಎರಡು ಹಲಸು, ಅಪ್ಪನ ಕಾಲದ ಒಂದು ಬೀಟೆ ಉಳಿದಿದ್ದವು. ಆ ವರ್ಷದಿಂದ ಅಷ್ಟು ಜಾಗಕ್ಕೆ ಮರಗಸಿಯವರನ್ನು ಬಿಟ್ಟಿಲ್ಲ. ಮೂರನೆಯ ವರ್ಷಕ್ಕೆ ಹೂಗೊನೆ ನೆಲದ ಮೇಲೆ ಹರಿಯಿತು, ಹೋದ ವರ್ಷ ಎರಡು ಕಿಲೋಗಿಂತ ಕಡಿಮೆ ಒಣ ಕಾಯಿ ಸಿಕ್ಕಿತು, ಗೂಡಿಲ್ಲದ ಕಾರಣ ಅಡುಗೆಮನೆಯ ಅಟ್ಟದ ಮೇಲೆಯೇ ಒಣಗಿಸಿದೆವು. ಅಮ್ಮನಿಗೆ ಈಗ ಕಣ್ಣು ಮಂಜು. ಮೊರದಲ್ಲಿಟ್ಟ ಕಾಯಿಯನ್ನು ಬೆರಳಲ್ಲಿ ಆಡಿಸಿ, “ಹಳ್ಳದ ಏಲಕ್ಕಿ” ಎಂದಳು. ವಾರಕ್ಕೊಮ್ಮೆ ನಲವತ್ತು ಬುಡಗಳ ಎಳೆಯೆಲೆಯನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತೇನೆ. ಹೋದ ತಿಂಗಳು ಹಳ್ಳದ ಆಚೆಯ ಮೂರು ಬುಡಗಳಲ್ಲಿ ನಡುದಿಂಡಿನಿಂದ ಅಂಚಿಗೆ ತಿಳಿಹಳದಿಯ ಗೆರೆ ಕಂಡಿತು. ಒಂದರಲ್ಲಿ ಹೂ ಇತ್ತು. ಹುಳ ಹಾರಿಹೋಗುವವರೆಗೆ ಕಾದು, ಮೂರನ್ನೂ ಕಿತ್ತೆ. ಮೂವತ್ತೇಳು ಉಳಿದಿವೆ.